ನಾನು ನೇರವಾಗಿಯೇ ಕೂತಿದ್ದೆ

ಲೆಕ್ಕಪತ್ರದ ಕೆಲಸಕ್ಕೆ ಆನ್‌ಲೈನ್ ಇಂಟರ್‌ವ್ಯೂ ಇತ್ತು. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಇರಲೇಬೇಕು ಎಂದು ಮೇಲ್ ಬರೆದವರು ಆ ಕೆಲಸ ಕೊಡುವವರು. ದಪ್ಪ ಅಕ್ಷರದಲ್ಲಿ ಬರೆದಿದ್ದರು. ಸರಿ ಎಂದು ಹಾಕಿಸಿಕೊಂಡೆ. ಹಾಕಿಸಿಕೊಂಡಿದ್ದಕ್ಕೇ ಕ್ಯಾಮೆರಾ ಉಲ್ಟಾ ಆಯಿತು. ಉಲ್ಟಾ ಆಗಿದ್ದನ್ನು ನೋಡಿ ನಕ್ಕವರೂ ಅವರೇ. ಈಗ "ನಿಮ್ಮ ಸಿಸ್ಟಂ ಈ ಕೆಲಸಕ್ಕೆ ಹೊಂದುವುದಿಲ್ಲ" ಎಂದು ಇನ್ನೊಂದು ಮೇಲ್ ಬಂದಿದೆ. ಕುಕ್ಕರ್ ಇಳಿಸಿ ಬಂದು ನೋಡಿದರೆ ಇದು. ಓದಿದಾಗಿನಿಂದ ಕೈಕಾಲು ಆಡುತ್ತಿಲ್ಲ.

ಮೊದಲು ಒಂದು ಮಾತು. ಕ್ಯಾಮೆರಾ ಕೆಟ್ಟಿಲ್ಲ. ಮನೆಯವರು, ಅಂಗಡಿಯವನು, ನಮ್ಮ ಬಿಲ್ಡಿಂಗಿನ ಸಾಫ್ಟ್‌ವೇರ್ ಹುಡುಗ, ಎಲ್ಲರೂ "ಕ್ಯಾಮೆರಾ ಹೋಗಿದೆ, ಹೊಸದು ತಗೊಳ್ಳಿ" ಎನ್ನುತ್ತಿದ್ದಾರೆ. ಹೋಗಿಲ್ಲ ರೀ. ಕೆಲವು ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಕ್ಯಾಮೆರಾವನ್ನು ತಯಾರಿಸುವಾಗಲೇ ತಲೆಕೆಳಗಾಗಿ ಕೂರಿಸಿರುತ್ತಾರೆ. ಲ್ಯಾಪ್‌ಟಾಪ್ ಕಂಪನಿಯ ಡ್ರೈವರ್, ಅಂದರೆ ಕ್ಯಾಮೆರಾವನ್ನು ನಡೆಸುವ ಸಾಫ್ಟ್‌ವೇರ್, ಆ ಚಿತ್ರವನ್ನು ತಿರುಗಿಸಿ ನೆಟ್ಟಗೆ ತೋರಿಸುತ್ತದೆ. ಹಾಗಾಗಿ ಇಷ್ಟು ವರ್ಷ ನನಗೆ ಗೊತ್ತೇ ಆಗಲಿಲ್ಲ. ಫಾರ್ಮ್ಯಾಟ್ ಮಾಡಿ ವಿಂಡೋಸ್ 11 ಹಾಕಿದಾಗ ಆ ಡ್ರೈವರ್ ಹೋಯಿತು. ಅದರ ಜಾಗಕ್ಕೆ ವಿಂಡೋಸ್ ತನ್ನದೇ ಮಾಮೂಲಿ ಡ್ರೈವರ್ ಹಾಕಿಕೊಂಡಿತು. ಡಿವೈಸ್ ಮ್ಯಾನೇಜರ್‌ನಲ್ಲಿ ನೋಡಿದರೆ "ಯುಎಸ್‌ಬಿ ವಿಡಿಯೊ ಡಿವೈಸ್" ಎಂದಷ್ಟೇ ಇದೆ. ಅದಕ್ಕೆ ಈ ಕ್ಯಾಮೆರಾ ಉಲ್ಟಾ ಇದೆ ಎಂದು ಹೇಗೆ ಗೊತ್ತಾಗಬೇಕು? ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ.

ಇಂಟರ್‌ವ್ಯೂ ಶುರುವಾದಾಗ ಮೂವರು ಇದ್ದರು. ನನ್ನ ಬಾಕ್ಸ್‌ನಲ್ಲಿ ಕೆಳಗೆ ಫ್ಯಾನು, ಮೇಲಿಂದ ನೇತಾಡುವ ನನ್ನ ಮುಖ. ನೋಡಿದ ತಕ್ಷಣ ಬಾಯಿ ಒಣಗಿತು. ಒಬ್ಬ ಹುಡುಗ, ನನ್ನ ತಮ್ಮನ ಮಗನಿಗಿಂತ ದೊಡ್ಡವನಿರಲಾರ, "ಮೇಡಂ, ಸ್ವಲ್ಪ ನೇರ ಕೂತ್ಕೋತೀರಾ?" ಎಂದ. ನಾನು ನೇರವಾಗಿಯೇ ಕೂತಿದ್ದೆ! ಕುರ್ಚಿಯ ಮೇಲೆ, ಬೆನ್ನು ನೆಟ್ಟಗೆ ಮಾಡಿಕೊಂಡು, ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟುಕೊಂಡು ಕೂತಿದ್ದೆ. "ಸಾಫ್ಟ್‌ವೇರ್ ತೊಂದರೆ ಸರ್, ಒಂದು ನಿಮಿಷ" ಎಂದೆ. ಸೆಟ್ಟಿಂಗ್ಸ್ ತೆರೆದೆ, ಮುಚ್ಚಿದೆ. ಏನೂ ಆಗಲಿಲ್ಲ. ಆಗ ಆ ಹುಡುಗನೇ ಹೇಳಿದ: "ಲ್ಯಾಪ್‌ಟಾಪನ್ನೇ ಉಲ್ಟಾ ಹಿಡ್ಕೊಳ್ಳಿ ಮೇಡಂ."

ಹಿಡಿದುಕೊಂಡೆ.

ಯಾಕೆ ಹಿಡಿದೆ ಎಂದು ಮಗಳು ಕೇಳುತ್ತಾಳೆ. ಕೆಲಸ ಬೇಕಿತ್ತು, ಅದಕ್ಕೆ ಹಿಡಿದೆ. ಸ್ಕ್ರೀನಿನ ಅಂಚನ್ನು ಹಳೇ ಲೆಡ್ಜರ್‌ಗಳ ಮೇಲೆ ಊರಿದೆ. ಕೀಬೋರ್ಡ್ ನನ್ನ ಮುಖದ ಎದುರಿಗೆ ಸೂರಿನ ಹಾಗೆ ಚಾಚಿಕೊಂಡಿತ್ತು. ಎಡಗೈಯಲ್ಲಿ ಅದನ್ನು ಎತ್ತಿ ಹಿಡಿದಿದ್ದೆ. ಬಲಗೈ ಬೆರಳನ್ನು ಕೆಳಗಿಂದ ಮೇಲಕ್ಕೆ ಒತ್ತಿ ಕೀ ಹುಡುಕುತ್ತಿದ್ದೆ. "ಹಾಂ, ಈಗ ಸರಿಯಾಗಿ ಕಾಣ್ತಿದ್ದೀರಿ, ಹಾಗೇ ಇರಿ" ಎಂದರು ಇನ್ನೊಬ್ಬರು. ಅವರಿಗೆ ನಾನು ನೆಟ್ಟಗೆ ಕಾಣುತ್ತಿದ್ದೆ. ನನಗೆ ಅವರು ಮೂವರೂ ತಲೆಕೆಳಗೆ. ನನ್ನ ಎಕ್ಸೆಲ್ ಕೂಡ ತಲೆಕೆಳಗೆ. ಆ ಸ್ಥಿತಿಯಲ್ಲಿ ಜಿಎಸ್‌ಟಿಆರ್-2ಬಿ (ಸಪ್ಲೈಯರ್‌ಗಳು ಹಾಕಿದ ರಿಟರ್ನ್‌ನಿಂದ ತಯಾರಾಗುವ ಜಿಎಸ್‌ಟಿ ಪಟ್ಟಿ) ಮತ್ತು ಪರ್ಚೇಸ್ ರಿಜಿಸ್ಟರ್ ತಾಳೆ ನೋಡಿ ತೋರಿಸಿ ಎಂದರು. ತೋರಿಸಿದೆ! "ಸಪ್ಲೈಯರ್ ರಿಟರ್ನ್ ಹಾಕಿಲ್ಲ, ಇನ್‌ವಾಯ್ಸ್ 2ಬಿಯಲ್ಲಿ ಬಂದಿಲ್ಲ, ಐಟಿಸಿ ತಗೋಬಹುದಾ?" ಎಂದು ಕೇಳಿದರು. ಐಟಿಸಿ ಅಂದರೆ ಖರೀದಿಗೆ ಕಟ್ಟಿದ ತೆರಿಗೆಯ ಕ್ರೆಡಿಟ್. ಅದನ್ನು 2022ರ ಜನವರಿ 1ರಿಂದ 2ಬಿಯಲ್ಲಿ ಬರದೆ ತಗೊಳ್ಳುವ ಹಾಗಿಲ್ಲ, ಬಂದ ತಿಂಗಳು ತಗೋಬೇಕು ಎಂದೆ. ಸರಿಯಾದ ಉತ್ತರ. ಅದನ್ನು ಹೇಳುವಾಗ ಎಡಗೈ ನಡುಗಿ ಲ್ಯಾಪ್‌ಟಾಪ್ ವಾಲಿತು. ಮೂರನೆಯವರು, ಅಲ್ಲಿಯವರೆಗೆ ಒಂದು ಮಾತೂ ಆಡದಿದ್ದ ಹೆಂಗಸು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಮೈಕ್ ಆನ್ ಇತ್ತು. ಬಾಗಿಲ ಹತ್ತಿರ ಮಗಳು ನಿಂತಿದ್ದಳು. ಅವಳೂ ಅದನ್ನು ಕೇಳಿಸಿಕೊಂಡಳು.

ನನ್ನ ವಯಸ್ಸಿನವರೇ ಆ ಹೆಂಗಸು. ಅದೇ ಜಾಸ್ತಿ ಚುಚ್ಚುತ್ತಿದೆ. ಒಂದು ಸಲ "ಪರವಾಗಿಲ್ಲ, ಲ್ಯಾಪ್‌ಟಾಪ್ ಕೆಳಗಿಡಿ, ಮಾತಿನಲ್ಲೇ ಕೇಳ್ತೀವಿ" ಎನ್ನಬಹುದಿತ್ತಲ್ವಾ?

ಈಗ ಎಲ್ಲರೂ ಬುದ್ಧಿ ಹೇಳುವವರೇ. ಫೋನ್‌ನಲ್ಲಿ ಸೇರಬಹುದಿತ್ತಂತೆ. ಒಂದೇ ಲಾಗಿನ್, ಅದರಲ್ಲೇ ಮುಖವೂ ಕಾಣಬೇಕು, ಎಕ್ಸೆಲ್ಲೂ ಶೇರ್ ಆಗಬೇಕು, ಹಾಗಿತ್ತು ಅವರ ಲಿಂಕು. ಜೂಮ್‌ನಲ್ಲಾದರೆ ಚಿತ್ರ ತಿರುಗಿಸುವ ಬಟನ್ ಇದೆ, ನನಗೂ ಗೊತ್ತು. ಇದು ಜೂಮ್ ಅಲ್ಲ, ಬ್ರೌಸರ್‌ನಲ್ಲಿ ತೆರೆಯುವ ಅವರದೇ ಏನೋ ಒಂದು. ಒಬಿಎಸ್ ಎಂಬ ವಿಡಿಯೊ ಸಾಫ್ಟ್‌ವೇರ್ ಹಾಕಿಕೊಂಡು ಚಿತ್ರ ತಿರುಗಿಸಿ ವರ್ಚುವಲ್ ಕ್ಯಾಮೆರಾ, ಅಂದರೆ ಸಾಫ್ಟ್‌ವೇರೇ ಸೃಷ್ಟಿಸುವ ಕ್ಯಾಮೆರಾ, ಕೊಡಬಹುದಿತ್ತಂತೆ. ವರ್ಚುವಲ್ ಕ್ಯಾಮೆರಾ ಬಳಸಿದರೆ ಇಂಟರ್‌ವ್ಯೂ ರದ್ದು ಎಂದು ಅದೇ ಮೇಲ್‌ನಲ್ಲಿತ್ತು. ಎಲ್ಲಾ ಓದಿಕೊಂಡೇ ಕೂತಿದ್ದೆ ನಾನು.

ಎಸ್‌ಪಿ ರೋಡಿನಲ್ಲಿ, ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿಯಲ್ಲಿ, ವಿಂಡೋಸ್ 11 ಹಾಕಿಕೊಟ್ಟ ಆ ಅಂಗಡಿಯವನ ಕಥೆ ಕೇಳಿ. ಬನಶಂಕರಿಯಲ್ಲಿ ಮೆಟ್ರೊ ಹತ್ತಿ, ಚಿಕ್ಕಪೇಟೆಯಲ್ಲಿ ಇಳಿದು, ಆ ಜನಜಂಗುಳಿಯಲ್ಲಿ ಲ್ಯಾಪ್‌ಟಾಪ್ ಬ್ಯಾಗು ಎದೆಗವಚಿಕೊಂಡು ಹೋಗಿದ್ದೆ. ನನ್ನದು ಇಂಟೆಲ್ 7ನೇ ಜೆನ್, ಅಂದರೆ ಏಳನೇ ತಲೆಮಾರಿನ, ಐ5 ಪ್ರೊಸೆಸರ್. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ಜೆನ್ ಅಥವಾ ಅದಕ್ಕಿಂತ ಹೊಸದು ಬೇಕು. ಜೊತೆಗೆ ಟಿಪಿಎಂ 2.0 ಎಂಬ ಸುರಕ್ಷತೆಯ ಚಿಪ್ ಬೇಕು. "ಇದಕ್ಕೆ ಬರಲ್ಲ ಅಂತಾರಲ್ಲಪ್ಪ" ಎಂದು ನಾನೇ ಕೇಳಿದೆ. "ರೂಫಸ್‌ನಲ್ಲಿ ಪೆನ್‌ಡ್ರೈವ್ ಮಾಡಿ ಹಾಕ್ತೀನಿ, ಆ ಚೆಕಿಂಗೇ ಬರಲ್ಲ, ಏನೂ ಆಗಲ್ಲ ಅಕ್ಕ" ಎಂದ. ರೂಫಸ್ ಅಂದರೆ ವಿಂಡೋಸ್ ಹಾಕುವ ಪೆನ್‌ಡ್ರೈವ್ ತಯಾರಿಸುವ ಸಾಫ್ಟ್‌ವೇರ್. ಇಂಥ ಮೆಷಿನ್‌ಗೆ ಹಾಕಿದರೆ ತೊಂದರೆ ಆಗಬಹುದು, ಅಪ್‌ಡೇಟ್ ಬರುವ ಖಾತ್ರಿ ಇಲ್ಲ ಎಂದು ವಿಂಡೋಸ್‌ನವರೇ ಎಚ್ಚರಿಕೆ ಕೊಟ್ಟಿದ್ದಾರೆ. ಅದನ್ನು ಇವನು ಹೇಳಬೇಕಿತ್ತೋ ಬೇಡವೋ? ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ನಿಜ. ಆದರೆ ಮನೆಬಳಕೆಯವರು ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ. ಅದನ್ನೂ ಹೇಳಲಿಲ್ಲ. ವಾಪಸ್ ಹೋಗಿ ತೋರಿಸಿದರೆ "ಕ್ಯಾಮೆರಾ ಆನ್ ಆಗ್ತಿದೆಯಲ್ಲ ಅಕ್ಕ, ನಮ್ಮ ಕೆಲಸ ಅಷ್ಟೇ" ಎಂದ. ಆನ್ ಆದರೆ ಸಾಕಾ? ನಾಳೆ ನಿನ್ನ ಅಂಗಡಿ ಬೋರ್ಡನ್ನು ಉಲ್ಟಾ ನೇತುಹಾಕಿ, ಲೈಟು ಉರೀತಿದೆಯಲ್ಲ ಅಂದರೆ ಒಪ್ಪುತ್ತೀಯಾ?

ಯೂಟ್ಯೂಬ್‌ನಲ್ಲಿ ನೋಡೋಣ ಎಂದರೆ ಎಲ್ಲರದೂ ಒಂದೇ ಪಾಠ. ಪ್ರೈವಸಿಗೆ ಹೋಗಿ ಕ್ಯಾಮೆರಾ ಆನ್ ಮಾಡಿ. ಡ್ರೈವರ್ ತೆಗೆದು ರೀಸ್ಟಾರ್ಟ್ ಮಾಡಿ. ಒಬ್ಬ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳಲ್ಲಿ, ಫ್ರೇಮ್ ಸರ್ವರ್ ಎಂಬ ಕ್ಯಾಮೆರಾ ಸೇವೆಯನ್ನು ಆಫ್ ಮಾಡಿಸುತ್ತಾನೆ. ಅದು 2016ರಲ್ಲಿ ವಿಂಡೋಸ್ 10ರ ಆನಿವರ್ಸರಿ ಅಪ್‌ಡೇಟ್ ಬಂದು ವೆಬ್‌ಕ್ಯಾಮ್‌ಗಳು ಫ್ರೀಜ್ ಆದಾಗಿನ ಮದ್ದು. ನನ್ನ ಕಾಯಿಲೆಯೇ ಬೇರೆ.

ಇನ್ನು ಮುಖ್ಯವಾದ ವಿಷಯ. ಲ್ಯಾಪ್‌ಟಾಪ್ ಕಂಪನಿಯ ಸೈಟಿನಲ್ಲಿ ಹಳೇ ಡ್ರೈವರ್ ಸಿಕ್ಕಿತು. ವಿಂಡೋಸ್ 10ರದ್ದು. ನನ್ನ ಮಾಡೆಲ್‌ಗೆ 11ರದ್ದು ಮಾಡಿಯೇ ಇಲ್ಲ. ಇರಲಿ ಎಂದು ಅದನ್ನೇ ಹಾಕಲು ಹೋದರೆ ವಿಂಡೋಸ್ ತಡೆಯಿತು. ಮೆಮೊರಿ ಇಂಟೆಗ್ರಿಟಿ ಎಂದು ಒಂದಿದೆ, ವಿಂಡೋಸ್ ಸೆಕ್ಯುರಿಟಿಯ ಕೋರ್ ಐಸೊಲೇಷನ್ ಪುಟದಲ್ಲಿ. ನಂಬಿಕೆಗೆ ಅರ್ಹವಲ್ಲದ ಡ್ರೈವರ್‌ಗಳನ್ನು ಒಳಗೆ ಬಿಡದೆ ಕಾಯುವುದು ಅದರ ಕೆಲಸ. ಅದನ್ನು ಆಫ್ ಮಾಡಿದೆ. ಹಳೇ ಡ್ರೈವರ್ ಕೂತಿತು. ಮುಖ ನೆಟ್ಟಗಾಯಿತು! ಖುಷಿಯಲ್ಲಿ ಮಗಳನ್ನು ಕರೆದು ತೋರಿಸಿದೆ. ಆಮೇಲೆ ಕೆಲಸ ಕೊಡುವವರ ಚೆಕ್‌ಲಿಸ್ಟ್ ನೋಡಿದರೆ "ಮೆಮೊರಿ ಇಂಟೆಗ್ರಿಟಿ ಆನ್ ಇರಬೇಕು" ಎಂದಿದೆ. ಆನ್ ಮಾಡಬೇಕಾದರೆ ಆ ಡ್ರೈವರನ್ನು ಕಿತ್ತು ಹಾಕಬೇಕು. ಕಿತ್ತೆ. ಮತ್ತೆ ತಲೆಕೆಳಗೆ.

ಅಂದರೆ ಏನಾಯಿತು ನೋಡಿ. ಸುರಕ್ಷತೆಗೆ ಎಂದು ವಿಂಡೋಸ್ 11 ಹಾಕಿಸಿದರು. ನನ್ನ ಮುಖ ನೆಟ್ಟಗೆ ಕಾಣಬೇಕಾದರೆ ಆ ಸುರಕ್ಷತೆಯನ್ನೇ ಆಫ್ ಮಾಡಬೇಕು. ಆಫ್ ಮಾಡಿದರೆ ಕೆಲಸ ಇಲ್ಲ. ಆಫ್ ಮಾಡದಿದ್ದರೂ ಕೆಲಸ ಇಲ್ಲ. ಈ ನಿಯಮ ಬರೆದವರು ಒಂದು ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದು ಸಲವಾದರೂ ಇದನ್ನು ಮಾಡಿ ನೋಡಿದ್ದಾರಾ?

ತಮ್ಮನ ಮಗ ಹೇಳಿದ, ವಿಂಡೋಸ್ ಬದಲು ಬಳಸುವ ಲಿನಕ್ಸ್‌ನಲ್ಲಿ ಹೀಗೆ ಉಲ್ಟಾ ಕೂರಿಸಿದ ಕ್ಯಾಮೆರಾಗಳಿರುವ ಲ್ಯಾಪ್‌ಟಾಪ್‌ಗಳ ಒಂದು ಪಟ್ಟಿಯನ್ನೇ ಮಾಡಿಟ್ಟಿದ್ದಾರೆ ಎಂದು. ಪಟ್ಟಿಯಲ್ಲಿ ಮಾಡೆಲ್ ಇದ್ದರೆ ಚಿತ್ರ ತಾನಾಗಿ ತಿರುಗುತ್ತದೆ. ದುಡ್ಡು ಕೊಟ್ಟು ಕೊಂಡವರಿಗೆ ಕಂಪನಿಯವರು ಮಾಡದ್ದನ್ನು ಯಾರೋ ಮಾಡಿ ಎಲ್ಲರಿಗೂ ಪುಕ್ಕಟೆ ಕೊಟ್ಟಿದ್ದಾರೆ. ಅವರಿಗೆ ನಮಸ್ಕಾರ. ಆದರೆ ಕೆಲಸ ಕೊಡುವವರಿಗೆ ವಿಂಡೋಸೇ ಬೇಕು. ಲೆಕ್ಕ ಬರೆಯುವ ನನ್ನ ಟ್ಯಾಲಿ ಸಾಫ್ಟ್‌ವೇರ್‌ಗೂ ವಿಂಡೋಸೇ ಬೇಕು.

ಹೋಗಲಿ ಬಿಡಿ ಎಂದು ನಾನೇ ಎಷ್ಟೋ ಹೊತ್ತು ಸಮಾಧಾನ ಮಾಡಿಕೊಂಡೆ. ಈ ಕೆಲಸ ಅಲ್ಲದಿದ್ದರೆ ಇನ್ನೊಂದು. ಹೊರಗಿನಿಂದ ಚುಚ್ಚುವ ವೆಬ್‌ಕ್ಯಾಮ್ ಒಂದು ತಂದರೆ ಮುಗಿಯಿತು, ಮನೆಯವರೂ ತಂದುಕೊಡುತ್ತೇನೆ ಎಂದರು. ಬೇಡ ಎಂದೆ. ಯಾಕೆ ತರಬೇಕು? ಚೆನ್ನಾಗಿರುವ ಕ್ಯಾಮೆರಾ ಎದುರಿಗೇ ಇದೆ. ತಂದರೂ ಆ ನಗು ವಾಪಸ್ ಹೋಗುತ್ತದಾ? ಆದರೂ ತರಬೇಕೇನೋ. ಮುಂದಿನ ಇಂಟರ್‌ವ್ಯೂ ಬಂದರೆ ಮತ್ತೆ ಲ್ಯಾಪ್‌ಟಾಪ್ ಎತ್ತಿ ಹಿಡಿಯುವ ಶಕ್ತಿ ನನಗಿಲ್ಲ. ಇಲ್ಲ, ತರಲ್ಲ. ಮೊದಲು ಇದಕ್ಕೆ ಉತ್ತರ ಬೇಕು.

ಅವರ ಮೇಲ್‌ಗೆ ಉತ್ತರ ಬರೆದಿದ್ದೇನೆ. ಕೇಳಿದ ಪ್ರಶ್ನೆಗಳಲ್ಲಿ ಯಾವುದಕ್ಕೆ ನನ್ನ ಉತ್ತರ ತಪ್ಪಿತ್ತು ಹೇಳಿ ಎಂದು ಕೇಳಿದ್ದೇನೆ. ಇನ್ನೂ ಏನೂ ಬಂದಿಲ್ಲ. ಲ್ಯಾಪ್‌ಟಾಪ್ ಕಂಪನಿಯ ಚಾಟ್‌ನಲ್ಲಿ "ನಿಮ್ಮ ಮಾಡೆಲ್‌ಗೆ ವಿಂಡೋಸ್ 11 ಪರೀಕ್ಷೆ ಮಾಡಿಲ್ಲ" ಎಂದು ಹೇಳಿ ಚಾಟ್ ಮುಚ್ಚಿದರು. ಕ್ಯಾಮೆರಾ ಉಲ್ಟಾ ಕೂರಿಸಿದವರು ನೀವೇ ಅಲ್ವಾ ಎಂದು ಬರೆಯುತ್ತಿದ್ದೆ, ಕಳಿಸಲೂ ಬಿಡಲಿಲ್ಲ.

ಇದೇ ತೊಂದರೆ ಅನುಭವಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಚಿತ್ರ ತಿರುಗಿಸುವ ಡ್ರೈವರ್ ಬೇಕು. ಮೆಮೊರಿ ಇಂಟೆಗ್ರಿಟಿ ಆನ್ ಇದ್ದಾಗಲೂ ಓಡಬೇಕು. ವರ್ಚುವಲ್ ಕ್ಯಾಮೆರಾ ಆಗಿರಬಾರದು. ಹೊಸ ಲ್ಯಾಪ್‌ಟಾಪ್ ತಗೊಳ್ಳಿ ಎನ್ನುವವರು ಸುಮ್ನೆ ಇರಿ. ಆ ದುಡ್ಡಿಗಾಗಿಯೇ ನಾನು ಈ ಕೆಲಸ ಹುಡುಕುತ್ತಿರುವುದು.