ಇನ್ವರ್ಟರ್ ಧೈರ್ಯ ಎಷ್ಟು ಹೊತ್ತು?

ಏಪ್ರಿಲ್-ಮೇ ತಿಂಗಳಲ್ಲಿ ಮಲೆನಾಡು, ಕರಾವಳಿ ಕಡೆ ಅರ್ಧ ಗಂಟೆ ಗಾಳಿಮಳೆ ಹೊಡೆದರೆ ಮೂರು ದಿನ ಕರೆಂಟ್ ಇಲ್ಲದಿರುವುದು ಹೊಸತೇನಲ್ಲ. ಆದರೂ ಹೆಚ್ಚಿನ ಮನೆಗಳಲ್ಲಿ ಪ್ರತಿ ವರ್ಷ ಅದೇ ಕಥೆ. "ಇನ್ವರ್ಟರ್ ಇದೆಯಲ್ಲ ಮಾರಾಯ್ರೆ" ಎಂದು ಮೊದಲ ರಾತ್ರಿ ಮೂರು ಫ್ಯಾನು, ಟಿವಿ, ವೈಫೈ ಎಲ್ಲ ಓಡಿಸುತ್ತಾರೆ. ನಡುರಾತ್ರಿ ದಾಟುವಷ್ಟರಲ್ಲಿ ಅದು ಕುಂಯ್ ಎಂದು ಕೂಗಿ ಮಲಗುತ್ತದೆ.

12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಎಂದರೆ ಕಾಗದದ ಮೇಲೆ 1800 ವ್ಯಾಟ್-ಅವರ್. ಪೂರ್ತಿ ಬಸಿದರೆ ಬ್ಯಾಟರಿ ಕೆಡುತ್ತದೆ, ಇನ್ವರ್ಟರೂ ತನ್ನ ಪಾಲು ತಿನ್ನುತ್ತದೆ. ಹೊಸ ಬ್ಯಾಟರಿಯಲ್ಲೂ ಕೈಗೆ ಸಿಗುವುದು 1100ರ ಆಸುಪಾಸು. ಹಳೇ ಫ್ಯಾನಿಗೆ 75 ವ್ಯಾಟ್ ಬೇಕು. ಮೂರು ಫ್ಯಾನು, ಒಂದು ಟಿವಿ ಸೇರಿದರೆ 300 ಆಯಿತು, ನಾಲ್ಕು ಗಂಟೆಗೆ ಮುಗಿಯಿತು. ಎಲ್ಲರೂ ಒಂದೇ ಕೋಣೆಯಲ್ಲಿ ಮಲಗಿ, ಕಡಿಮೆ ಕರೆಂಟ್ ತಿನ್ನುವ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಒಂದು, 9 ವ್ಯಾಟಿನ ಬಲ್ಬ್ ಒಂದು ಹಾಕಿಕೊಂಡರೆ ಅದೇ ಬ್ಯಾಟರಿ ರಾತ್ರಿಗೆ ಆರು ಗಂಟೆಯಂತೆ ಮೂರು ರಾತ್ರಿ ಬರುತ್ತದೆ. ಹಗಲು ಇನ್ವರ್ಟರನ್ನೇ ಆಫ್ ಮಾಡಿ. ಲೋಡ್ ಇಲ್ಲದಿದ್ದರೂ ಸುಮ್ಮನೆ ಆನ್ ಇದ್ದರೆ ಅದು ಬ್ಯಾಟರಿ ಹೀರುತ್ತಲೇ ಇರುತ್ತದೆ.

ಸೆಖೆಯನ್ನು ಹಾಳೆ ಬೀಸಣಿಗೆಯಲ್ಲಾದರೂ ಕಳೆಯಬಹುದು, ನೀರಿಗೆ ಬೇರೆ ದಾರಿಯಿಲ್ಲ. ಸಾವಿರ ಲೀಟರಿನ ಟ್ಯಾಂಕಿ ನಾಲ್ಕು ಜನಕ್ಕೆ ಎಂದಿನ ಬಳಕೆಯಲ್ಲಿ ಎರಡು ದಿನ ಬಂದರೆ ಹೆಚ್ಚು. ಹಳೇ ಫ್ಲಶ್ ಒಂದು ಸಲಕ್ಕೆ 10 ಲೀಟರ್ ಇಳಿಸುತ್ತದೆ. ಬಕೆಟ್‌ನಲ್ಲಿ ಹೊಯ್ದರೆ ಅದರ ಅರ್ಧ ಸಾಕು. ಮಧ್ಯಾಹ್ನ ಮೋಡ ಕಪ್ಪಾದ ಕೂಡಲೇ ಟ್ಯಾಂಕಿ ತುಂಬಿಸಿ, ಕರೆಂಟ್ ಹೋದ ಮೇಲೆ ಟ್ಯಾಂಕಿ ಕೆಳಗಿನ ವಾಲ್ವ್ ಬಂದ್ ಮಾಡಿ, ಬೇಕಾದಾಗ ಮಾತ್ರ ತಿರುಗಿಸಿ. ಬಾವಿ ಇರುವ ಮನೆಗಳ ಅವಸ್ಥೆ ಇನ್ನೂ ತಮಾಷೆ. ಕೆಳಗೆ ನೀರಿದೆ, ಆದರೆ ಮೋಟರ್ ಬಂದ ಮೇಲೆ ರಾಟೆ ಅಟ್ಟ ಸೇರಿದೆ, ಹಗ್ಗವನ್ನು ಇಲಿ ಕಡಿದಿದೆ. ಮಾರ್ಚಿನಲ್ಲೇ ರಾಟೆಗೆ ಎಣ್ಣೆ ಬಿಟ್ಟು, ಹೊಸ ಹಗ್ಗಕ್ಕೆ ಕೊಡಪಾನ ಕಟ್ಟಿ ಒಮ್ಮೆ ಸೇದಿ ನೋಡಿ.

ಬೋರ್‌ವೆಲ್‌ನವರು ಜನರೇಟರ್ ನಂಬುತ್ತಾರೆ. 1 ಎಚ್‌ಪಿ ಮೋಟರ್ ಓಡಲು ತಗೊಳ್ಳುವುದಕ್ಕಿಂತ ಹಲವು ಪಟ್ಟು ಕರೆಂಟನ್ನು ಶುರುವಾಗುವಾಗ ಎಳೆಯುತ್ತದೆ, ಹಾಗಾಗಿ 1 ಕೆವಿಎ ಜನರೇಟರ್ ಗುರ್ ಎಂದು ನಿಂತೇ ಹೋಗುತ್ತದೆ. ಹತ್ತಿರಹತ್ತಿರ 3 ಕೆವಿಎ ಬೇಕು. ಅದನ್ನು ಮನೆಯೊಳಗೆ, ಕಾರ್ ಶೆಡ್ಡಿನೊಳಗೆ ಇಡಲೇಬಾರದು, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಇನ್ನೊಂದು ಮಾತನ್ನು ಸ್ವಲ್ಪ ಸಿಟ್ಟಿನಿಂದಲೇ ಹೇಳಬೇಕಾಗಿದೆ. ಎರಡೂ ತುದಿಗೆ ಪ್ಲಗ್ ಇರುವ ವಯರನ್ನು ಜನರೇಟರಿನಿಂದ ಗೋಡೆಯ ಸಾಕೆಟ್‌ಗೆ ಚುಚ್ಚಿ ಮನೆಗೆಲ್ಲ ಕರೆಂಟ್ ಕೊಡುವ 'ಐಡಿಯಾ' ಕೊಲೆಗೆ ಸಮ. ನಿಮ್ಮ 230 ವೋಲ್ಟ್ ಹಿಂದಕ್ಕೆ ಹರಿದು ಟಿಸಿಯಲ್ಲಿ (ಊರಿನ ಟ್ರಾನ್ಸ್‌ಫಾರ್ಮರಿನಲ್ಲಿ) 11 ಸಾವಿರವಾಗಿ ಲೈನಿಗೇರುತ್ತದೆ, ಅಲ್ಲಿ ಕಂಬದ ಮೇಲೆ ಲೈನ್‌ಮ್ಯಾನ್ ಇರುತ್ತಾನೆ. ಮೇನ್ ಆಫ್ ಮಾಡಿದ್ದೇನೆ ಎಂಬ ನೆನಪನ್ನು ನಂಬಬೇಡಿ, ಲೈನ್ ಇಲ್ಲವೇ ಜನರೇಟರ್, ಒಂದನ್ನೇ ಮನೆಗೆ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಹಾಕಿಸಿ.

ಚಾವಣಿಗೆ ಸೋಲಾರ್ ಹಾಕಿಸಿದವರಿಗೆ ಆಶ್ಚರ್ಯವಾಗುವ ಸಂಗತಿ: ಬ್ಯಾಟರಿ ಇಲ್ಲದ, ಕರೆಂಟ್ ಲೈನಿಗೇ ಜೋಡಿಸಿದ ಆನ್‌ಗ್ರಿಡ್ ಸೋಲಾರ್, ಕರೆಂಟ್ ಹೋದರೆ ಸುಡುಬಿಸಿಲಲ್ಲೂ ತಾನೇ ಬಂದ್ ಆಗುತ್ತದೆ. ಅದೂ ಅದೇ ಲೈನ್‌ಮ್ಯಾನ್ ಜೀವ ಉಳಿಸಲಿಕ್ಕೆ.

ಫ್ರಿಜ್ ಬಾಗಿಲು ತೆಗೆಯದಿದ್ದರೆ ನಾಲ್ಕು ಗಂಟೆ ತಂಪಿರುತ್ತದೆ, ಆಮೇಲೆ ಅದು ಬರೀ ಕಪಾಟು. ಹಾಲು ಕಾಯಿಸಿ ಹೆಪ್ಪು ಹಾಕಿಬಿಡಿ. ಮೊಬೈಲ್ ಟವರ್‌ನ ಬ್ಯಾಟರಿಯೂ ಕೆಲವೇ ಗಂಟೆ, ಆದ್ದರಿಂದ ಮಾಡಬೇಕಾದ ಫೋನೆಲ್ಲ ಮೊದಲೇ ಮಾಡಿ ಮುಗಿಸಿ.

ಕರೆಂಟ್ ಬರಲು ಇಷ್ಟು ತಡ ಯಾಕೆ ಎನ್ನುವವರಿಗೆ: ಮೊದಲು ಸರಿಯಾಗಬೇಕಾದ್ದು 33 ಕೆವಿ ಲೈನ್, ಆಮೇಲೆ 11 ಕೆವಿ, ಆಮೇಲೆ ಟಿಸಿ, ಕೊನೆಗೆ ನಿಮ್ಮ ಮನೆ ಮುಂದಿನ ತಂತಿ. ತೋಟದೊಳಗೆ ಹೋಗುವ ಲೈನನ್ನು ನಡೆದೇ ನೋಡಬೇಕು. ಲಾರಿ ಹೋಗದ ಜಾಗಕ್ಕೆ ಕಂಬವನ್ನು ಹೆಗಲ ಮೇಲೆ ಹೊರಬೇಕು. ವಿದ್ಯುತ್ ದೂರಿನ ಸಹಾಯವಾಣಿ 1912ಕ್ಕೆ "ಕರೆಂಟಿಲ್ಲ" ಎಂದಷ್ಟೇ ಹೇಳಿದರೆ ಅವರಿಗೆ ಏನೂ ತಿಳಿಯುವುದಿಲ್ಲ. ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಕೊಟ್ಟು, "ಶಾಲೆ ಹತ್ತಿರದ ಟಿಸಿಯಿಂದ ಮೂರನೇ ಕಂಬ, ತಂತಿ ಮೇಲೆ ಹಲಸಿನ ಕೊಂಬೆ" ಎಂದರೆ ಹುಡುಕಾಟದ ಅರ್ಧ ದಿನ ಉಳಿದೀತು. ಆ ಕೊಂಬೆ ಕಡಿಯಲು ನೀವೇ ಕತ್ತಿ ಹಿಡಿದು ಹೋಗಬೇಡಿ. ಸತ್ತ ಲೈನಿಗೆ ಸಬ್‌ಸ್ಟೇಷನ್‌ನಿಂದ ಯಾವಾಗ ಟೆಸ್ಟ್ ಚಾರ್ಜ್ (ಪರೀಕ್ಷೆಗೆಂದು ಕರೆಂಟ್) ಕೊಡುತ್ತಾರೋ ನಿಮಗೆ ಗೊತ್ತಾಗುವುದಿಲ್ಲ.

ಕರೆಂಟ್ ಬಂತೆಂದು ಎಲ್ಲ ಸ್ವಿಚ್ ಒಟ್ಟಿಗೆ ಒತ್ತುವುದೂ ತಪ್ಪೇ. ಗಾಳಿಗೆ ನ್ಯೂಟ್ರಲ್ ತುಂಡಾಗಿದ್ದರೆ ಒಂದು ಮನೆಗೆ 300 ದಾಟಿದ ವೋಲ್ಟೇಜ್, ಪಕ್ಕದ ಮನೆಗೆ ಮಿಣಮಿಣ. ಟಿವಿ, ಫ್ರಿಜ್ ಸುಡುವುದು ಹೆಚ್ಚಾಗಿ ಆ ಗಳಿಗೆಯಲ್ಲೇ. ಎಲ್‌ಇಡಿ ಬಲ್ಬ್ ನೋಡಿ ಗೊತ್ತಾಗುವುದಿಲ್ಲ, ಹೆಚ್ಚಿನವು 150ಕ್ಕೂ 270ಕ್ಕೂ ಒಂದೇ ಥರ ಉರಿಯುತ್ತವೆ. ಹಳೇ ಕಾಲದ 60 ವ್ಯಾಟಿನ ತಂತಿ ಬಲ್ಬ್ ಒಂದನ್ನು ಹೋಲ್ಡರಿನಲ್ಲಿ ಉಳಿಸಿಕೊಳ್ಳಿ, ಇಲ್ಲವೇ ಸಾಕೆಟ್‌ಗೆ ಚುಚ್ಚುವ ವೋಲ್ಟ್‌ಮೀಟರ್ ತಂದಿಡಿ. 210ರಿಂದ 250ರೊಳಗೆ ಹತ್ತು ನಿಮಿಷ ನಿಂತರೆ ಫ್ಯಾನು, ಆಮೇಲೆ ಫ್ರಿಜ್. ತ್ರೀ ಫೇಸ್ ಪಂಪಿಗೆ ಸ್ಟಾರ್ಟರಿನ ಕೆಂಪು, ಹಳದಿ, ನೀಲಿ ಮೂರೂ ದೀಪ ಉರಿದಿದ್ದು ಕಂಡ ಮೇಲೆಯೇ ಕೈ ಹಾಕಿ.