ಎಲೀಸ್‌ಗೆ ವೆಲ್ಡಿಂಗ್ ನಡೆಯೋಲ್ಲ ಸ್ವಾಮಿ
ಅಪಘಾತದಲ್ಲಿ ಬಾಗಿದ ಚಾಸಿಯನ್ನು (ಕಾರಿನ ತಳದ ಚೌಕಟ್ಟನ್ನು) ಎಳೆದು ನೇರ ಮಾಡಿ ವೆಲ್ಡಿಂಗ್ ಮಾಡಿಸಿದರೆ ಯಾವ ಸ್ಪೋರ್ಟ್ಸ್ ಕಾರಾದರೂ ಮೊದಲಿನಂತಾಗುತ್ತೆ ಅಂತ ಬರೆದಿದ್ದೀರಲ್ಲ, ಉಕ್ಕಿನ ಕಾರಾದರೆ ಒಪ್ಪೋಣ. ಆದರೆ 1996ರಲ್ಲಿ ಬಂದ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಲೋಟಸ್ ಎಲೀಸ್‌ನ ಅಲ್ಯೂಮಿನಿಯಂ ಚಾಸಿಯ ತುಂಡುಗಳು ಕೂಡಿಕೊಂಡಿರೋದೇ ಎಪಾಕ್ಸಿ ಅನ್ನೋ ಗಟ್ಟಿ ಅಂಟಿನಿಂದ. ಆ ಚಾಸಿಯ ತೂಕ 70 ಕೆಜಿಯೂ ಇಲ್ಲ. ವೆಲ್ಡಿಂಗ್ ಕಾವಿಗೆ ಅಂಟೂ ಹೋಗುತ್ತೆ, ಲೋಹದ ಗಟ್ಟಿತನವೂ ಹೋಗುತ್ತೆ. ಎಳೆದರೆ ಅಂಟಿನ ಕೂಡಿಕೆ ಒಳಗೇ ಬಿಟ್ಟುಕೊಂಡು ಹೊರಗೆ ಏನೂ ಕಾಣದೆ ಇರಬಹುದು. ಮುಂಭಾಗದ ಫೈಬರ್‌ಗ್ಲಾಸ್ ಕವಚ ಒಡೆದರೆ ಚಿಂತೆಯಿಲ್ಲ, ರಿಪೇರಿಯಾಗುತ್ತೆ (ಇಡೀ ಮೂತಿ ಒಂದೇ ತುಂಡು, ಬಿಲ್ ನೋಡಿ ಎದೆ ಗಟ್ಟಿ ಮಾಡ್ಕೊಳ್ಳಿ!). ಚಾಸಿಯಲ್ಲಿ ಸಸ್ಪೆನ್ಷನ್ (ಚಕ್ರಗಳನ್ನು ಹಿಡಿದು ಕುಲುಕು ತಡೆಯುವ ಭಾಗ) ಕೂರುವ ಜಾಗವೇ ಬಾಗಿದ್ದರೆ ಮಾತ್ರ ಚಾಸಿಯನ್ನೇ ಬದಲಿಸಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳೋರು ಪೇಂಟ್ ಹೊಳಪಿಗೆ ಮರುಳಾಗದೆ, ಕಾರನ್ನು ಲಿಫ್ಟ್ ಮೇಲೆ ಹಾಕಿಸಿ ಮೊದಲು ಆ ಜಾಗದ ಅಳತೆ ಹಿಡಿಸಲಿ.