ಚೆನ್ನಾಗಿದ್ದೀನಿ, ನೀವು?

ನನ್ನದು ಫೋನ್ ಮಾಡುವ ಕೆಲಸ. ಬಿಲ್ ಕಳಿಸಿ ತಿಂಗಳಾದರೂ ಹಣ ಬರದಿದ್ದರೆ ಗಿರಾಕಿಗೆ ಫೋನ್ ಮಾಡಿ ನೆನಪಿಸಬೇಕು. ನೆನಪಿಸುವುದು ಅಂತ ನಾವು ಅನ್ನುತ್ತೇವೆ. ಆ ಕಡೆಯವರು ಅದಕ್ಕೆ ಬೇರೆ ಹೆಸರು ಇಟ್ಟಿರಬಹುದು.

ಹಣ ಕೇಳುವುದೇನೂ ಕಷ್ಟವಿಲ್ಲ. ಬಿಲ್ ನಂಬರ್, ತಾರೀಖು, ಮೊತ್ತ ಎಲ್ಲ ಎದುರಿಗೇ ಇರುತ್ತದೆ, ನೋಡಿಕೊಂಡು ಓದಿದರೆ ಆಯಿತು. ಕಷ್ಟ ಇರುವುದು ಅದಕ್ಕಿಂತ ಮುಂಚಿನ ಅರ್ಧ ನಿಮಿಷದಲ್ಲಿ. 'ಹೇಗಿದ್ದೀರಿ?' 'ಚೆನ್ನಾಗಿದ್ದೀನಿ, ನೀವು?' 'ನಾನೂ ಚೆನ್ನಾಗಿದ್ದೀನಿ.' ಮೂರೇ ಸಾಲಿನ ನಾಟಕ. ವರ್ಷಗಟ್ಟಲೆಯಿಂದ ದಿನಕ್ಕೆ ಹತ್ತಾರು ಸಲ ಆಡುತ್ತಿದ್ದೇನೆ. ಈಗಲೂ ಮಾತು ತಪ್ಪುತ್ತದೆ.

ಜಾಸ್ತಿ ಆಗುವುದು ಏನೆಂದರೆ, ಅವರು ಕೇಳುವ ಮೊದಲೇ ನಾನು ಉತ್ತರ ಕೊಟ್ಟುಬಿಡುತ್ತೇನೆ. ಅವರು 'ನಮಸ್ಕಾರ ಮೇಡಂ, ಒಂದು ನಿಮಿಷ ಲೈನಲ್ಲಿರಿ' ಅನ್ನುತ್ತಾರೆ. ನಾನು 'ಚೆನ್ನಾಗಿದ್ದೀನಿ ಸರ್, ನೀವು?' ಅನ್ನುತ್ತೇನೆ. ಇದಕ್ಕೆ ನನ್ನೊಬ್ಬಳನ್ನೇ ಬೈಯುವ ಹಾಗಿಲ್ಲ. 2009ರಲ್ಲಿ ಹತ್ತು ಭಾಷೆಗಳ ಮಾತುಕತೆಯನ್ನು ಅಳೆದು ನೋಡಿದ ಸಂಶೋಧಕರಿಗೆ, ಒಬ್ಬರ ಪ್ರಶ್ನೆಗೂ ಇನ್ನೊಬ್ಬರ ಉತ್ತರಕ್ಕೂ ನಡುವೆ ಸಿಕ್ಕ ಸಮಯ ಸರಾಸರಿ 200 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಐದನೇ ಒಂದು ಭಾಗ. ಅಷ್ಟರಲ್ಲಿ ಕೇಳಿ, ಯೋಚಿಸಿ, ಉತ್ತರಿಸಲು ಯಾರಿಂದಲೂ ಆಗದು. ಅವರು ಮಾತಾಡುತ್ತಿರುವಾಗಲೇ ನಮ್ಮ ಉತ್ತರ ಬಾಗಿಲ ಬಳಿ ಚಪ್ಪಲಿ ಹಾಕಿಕೊಂಡು ನಿಂತಿರುತ್ತದೆ. ನನ್ನದು ಸ್ವಲ್ಪ ಆತುರದ್ದು, ಹೊರಟೇ ಹೋಗುತ್ತದೆ.

ಒಂದು ಸಲ ಇದರ ಉಲ್ಟಾ ಆಯಿತು. ನಾನೂ ಆ ಕಡೆಯ ಅಕೌಂಟೆಂಟೂ ಕೇಳುವುದು ಹೇಳುವುದು ಎಲ್ಲ ಮುಗಿಸಿದೆವು. ಹಣದ ಮಾತು ಮೊದಲು ಎತ್ತಲು ಇಬ್ಬರಿಗೂ ಮನಸ್ಸಿಲ್ಲ. ಸುಮ್ಮನಿರಲೂ ಆಗದೆ ಅವರು 'ಮತ್ತೆ, ಹೇಗಿದ್ದೀರಿ?' ಅಂದರು. ನಾನು 'ಚೆನ್ನಾಗಿದ್ದೀನಿ, ನೀವು?' ಅಂದೆ. ಎರಡನೇ ಸಲ ಕೇಳುವಾಗ ನನ್ನ ದನಿಯಲ್ಲಿ ನಿಜವಾದ ಕಳವಳವೇ ಇತ್ತು. ಅಷ್ಟರಲ್ಲಿ ಅವರಿಗೇನಾದರೂ ಆಗಿದ್ದರೆ?

ರೆಕಾರ್ಡ್ ಮಾಡಿದ ದನಿಗೂ ಒಮ್ಮೆ ಉತ್ತರ ಕೊಟ್ಟಿದ್ದೇನೆ. 'ಹಲೋ, ಹೇಗಿದ್ದೀರಿ?' ಅಂತ ಕೇಳಿ ಅದು ತಡೆಯಿತು. ನಾನು ಉತ್ತರ ಕೊಟ್ಟು ಅದರ ಯೋಗಕ್ಷೇಮವನ್ನೂ ವಿಚಾರಿಸಿದೆ. 'ತುಂಬಾ ಸಂತೋಷ' ಅಂತು. ಆಮೇಲೆ ಸಾಲ ಬೇಕಾದರೆ ಒಂದನ್ನು ಒತ್ತಿ ಅಂತು. ನನಗಾಗಿ ಅಷ್ಟು ಸರಿಯಾದ ಜಾಗ ಬಿಟ್ಟು ರೆಕಾರ್ಡ್ ಮಾಡಿದವರು ಯಾರೋ, ಈ ನಾಟಕವನ್ನು ನನಗಿಂತ ಚೆನ್ನಾಗಿ ಬಲ್ಲವರು.

ಇವೆಲ್ಲ ಮರೆತು ಹೋಗುವಂಥವು. ಹೋದ ವರ್ಷದ್ದು ಮಾತ್ರ ನೆನೆಸಿಕೊಂಡರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಹಳೆಯ ಗಿರಾಕಿ, ಮೂರು ಬಿಲ್ ಬಾಕಿ. ಫೋನ್ ಎತ್ತಿದರು. 'ನಮಸ್ಕಾರ ಸರ್, ಹೇಗಿದ್ದೀರಿ?' ಅಂದೆ. ಕಣ್ಣು ಆಗಲೇ ಬಿಲ್ ನಂಬರಿನ ಮೇಲಿತ್ತು.

'ಏನ್ ಹೇಳ್ಲಿ ಮೇಡಂ, ಬಿದ್ದು ಕಾಲು ಮುರ್ಕೊಂಡಿದ್ದೀನಿ. ಹದಿನೈದು ದಿನದಿಂದ ಮಲಗಿದ ಕಡೆಯೇ.'

'ಒಳ್ಳೇದು ಸರ್, ತುಂಬಾ ಸಂತೋಷ' ಅಂದೆ.

ಆ ಕಡೆ ಉಸಿರಿನ ಸದ್ದೂ ಇಲ್ಲ. ನನ್ನ ಪಕ್ಕದ ಮೇಜಿನಲ್ಲಿ ಟೈಪ್ ಮಾಡುವ ಸದ್ದು ನಿಂತಿತು. 'ಅಂದ್ರೆ, ಫೋನ್ ಎತ್ತಿದ್ರಲ್ಲ ಸರ್, ಅದಕ್ಕೆ ಸಂತೋಷ' ಅಂತ ತೇಪೆ ಹಾಕಿದೆ. ಅದು ಸಾಲದು ಅನ್ನಿಸಿತು. 'ಯಾವ ಕಾಲು ಸರ್?' ಅಂದೆ. 'ಎಡಗಾಲು.' 'ಸದ್ಯ!' ಅಂದೆ. ಯಾಕೆ ಸದ್ಯವೋ ನನಗೆ ಗೊತ್ತಿಲ್ಲ. ಬಲಗಾಲು ಅಂದಿದ್ದರೂ ಸದ್ಯ ಅಂತಲೇ ಅನ್ನುತ್ತಿದ್ದೆ.

ಯಾವ ಕಾಲು ಅಂತ ಕೇಳಿದ ಮೇಲೆ ಬಿಲ್ ಯಾವಾಗ ಅಂತ ಕೇಳಲು ನಾಲಿಗೆ ಬರುತ್ತದೆಯೇ? 'ಹುಷಾರಾಗಿರಿ ಸರ್' ಅಂತ ಫೋನ್ ಇಟ್ಟೆ. ಯಾರಿಗೆ ಫೋನ್ ಮಾಡಿದೆವು, ಏನಂದರು ಅಂತ ಬರೆದಿಡುವ ರಿಜಿಸ್ಟರ್ ಒಂದಿದೆ. ಅದರಲ್ಲಿ ಆ ಮೂರು ಬಿಲ್‌ಗಳ ಮುಂದೆ ಗಡಿಬಿಡಿಯಲ್ಲಿ 'ಎಡಗಾಲು' ಅಂತ ಬರೆದಿದ್ದೆ. ಸಂಜೆ ಅದನ್ನು ನೋಡಿದ ನಮ್ಮ ಮ್ಯಾನೇಜರ್ ನನ್ನ ಮುಖ ನೋಡಿದರು. ಏನೂ ಕೇಳಲಿಲ್ಲ, ಪುಣ್ಯ.

ಹಾರ್ವೆ ಸ್ಯಾಕ್ಸ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1975ರಲ್ಲಿ ಈ ಒಂದು ಪ್ರಶ್ನೆಯನ್ನೇ ಹಿಡಿದು ದೊಡ್ಡ ಲೇಖನ ಬರೆದಿದ್ದಾನೆ. ಚೆನ್ನಾಗಿಲ್ಲ ಅಂದರೆ ಏನಾಯ್ತು ಅಂತ ಕೇಳುತ್ತಾರೆ, ಏನಾಯ್ತೆಂದು ಎಲ್ಲರ ಹತ್ತಿರವೂ ಹೇಳಿಕೊಳ್ಳಲು ಆಗುವುದಿಲ್ಲ, ಹಾಗಾಗಿ ಎಲ್ಲರೂ ಸುಳ್ಳು ಹೇಳಲೇಬೇಕಾಗುತ್ತದೆ ಅನ್ನುವುದು ಅವನ ವಾದ. ನನ್ನ ಗಿರಾಕಿ ಇದನ್ನು ಓದಿಕೊಂಡಿರಲಿಲ್ಲ. ನಿಜ ಹೇಳಿಬಿಟ್ಟರು.

ಒಂದೂವರೆ ತಿಂಗಳು ಆ ನಂಬರಿಗೆ ನನ್ನ ಕೈ ಹೋಗಲಿಲ್ಲ. ಕೊನೆಗೆ ಒಂದು ಉಪಾಯ ಹೊಳೆಯಿತು. ಕುಶಲ ಕೇಳಿದರೆ ತಾನೆ ತೊಂದರೆ? ಕೇಳುವುದೇ ಬೇಡ. 1876ರ ಮಾರ್ಚ್ 10ರಂದು ಗ್ರಹಾಂ ಬೆಲ್ ತನ್ನ ಸಹಾಯಕ ವಾಟ್ಸನ್‌ಗೆ ಟೆಲಿಫೋನಿನಲ್ಲಿ ಹೇಳಿದ ಮೊದಲ ಮಾತೇ 'ವಾಟ್ಸನ್, ಇಲ್ಲಿ ಬನ್ನಿ, ನಿಮ್ಮನ್ನು ನೋಡಬೇಕು' ಅಂತ. ನಮಸ್ಕಾರವಿಲ್ಲ, ಕ್ಷೇಮಸಮಾಚಾರವಿಲ್ಲ. ಕೆಲಸದ ಫೋನ್ ಅಂದರೆ ಹೀಗಿರಬೇಕು. ಮುಂದಿನ ವರ್ಷವೇ ಎಡಿಸನ್ ಬಂದು, ಫೋನಿಗೆ ಗಂಟೆ ಯಾಕೆ, 'ಹಲೋ' ಅಂದರೆ ಹತ್ತಿಪ್ಪತ್ತು ಅಡಿ ದೂರಕ್ಕೆ ಕೇಳಿಸುತ್ತದೆ ಅಂತ ಪತ್ರ ಬರೆದ. ಈ ಮಾತಿನ ಉಪಚಾರ ಶುರುವಾಗಿದ್ದೇ ಅಲ್ಲಿಂದ ಅಂತ ನನ್ನ ಗುಮಾನಿ.

ಬೆಲ್‌ನನ್ನು ನೆನೆದು ನಂಬರ್ ಒತ್ತಿದೆ. ಎತ್ತಿದ ತಕ್ಷಣ 'ಸರ್, ಮೂರು ಬಿಲ್ ಬಾಕಿ ಇದೆ' ಅಂದೆ.

'ಏನ್ ಮೇಡಂ, ಈ ಸಲ ಹೇಗಿದ್ದೀರಿ ಅಂತಾನೂ ಕೇಳಲ್ವಾ?'

ದನಿ ಗುರುತು ಹಿಡಿದಿದ್ದರು. 'ಹೇಗಿದ್ದೀರಿ ಸರ್?' ಅಂತ ಕೇಳಿ, ಉತ್ತರ ಪೂರ್ತಿ ಬರುವವರೆಗೂ ಬಾಯಿಗೆ ಕೈ ಅಡ್ಡ ಹಿಡಿದು ಕೂತೆ.

'ಕಾಲು ಕೂಡಿಕೊಂಡಿದೆ, ನಡೀತಿದ್ದೀನಿ' ಅಂದರು. 'ಈಗ ಬೇಕಾದ್ರೆ ಸಂತೋಷ ಪಡಿ.'